ಆಟ ಗೆದ್ದಿತು, ಪೆಟ್ಟಿಗೆ ಸೋತಿತು

ತೊಂಬತ್ತರ ದಶಕದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಮಕ್ಕಳಿಗೆ ‘ಟಿವಿ ಗೇಮ್’ ಎಂದರೆ ಗೊತ್ತಿದ್ದುದು ಒಂದೇ ವಸ್ತು. ಕೊಲ್ಹಾಪುರಕ್ಕೋ ಮಿರಜಿಗೋ ಹೋಗಿಬಂದವರು ತರುತ್ತಿದ್ದ ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆ, ತಂತಿಯಿಂದ ಅದಕ್ಕೆ ಜೋಡಿಸಿದ ಎರಡು ರಿಮೋಟು, ಒಂದು ಆಟಿಕೆ ಪಿಸ್ತೂಲು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ 9,999 ಆಟಗಳಿವೆ ಎಂದು ಅಚ್ಚು ಹಾಕಿರುತ್ತಿತ್ತು. ಎಣಿಸಲು ಕುಳಿತರೆ ಹತ್ತು ಹದಿನೈದಕ್ಕೆ ಮುಗಿಯುತ್ತಿತ್ತು. ಉಳಿದವೆಲ್ಲ ಅವೇ ಆಟಗಳು, ಬೇರೆ ಬೇರೆ ಹಂತದಿಂದ ಶುರುವಾಗುವಂಥವು. ಮಾರಿಯೋ ಕೋಟೆ ಮುಟ್ಟುವಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಆಡಬೇಕು. ಆದರೂ ಅಥಣಿಯಿಂದ ನಿಪ್ಪಾಣಿಯವರೆಗೆ ಆ ಪೆಟ್ಟಿಗೆ ಕಾಣದ ಓಣಿ ಇರಲಿಲ್ಲ.

ಅದನ್ನು ಬಿಚ್ಚಿ ನೋಡಿದ ಕುತೂಹಲಿಗಳಿಗೆ ಒಳಗೆ ಸಿಗುತ್ತಿದ್ದುದು ಒಂದು ಚಿಕ್ಕ ಹಸಿರು ಹಲಗೆ, ಅದರ ನಡುವೆ ಕಪ್ಪು ಅಂಟಿನ ಒಂದು ಬೊಟ್ಟು, ಅಷ್ಟೆ. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ್ದ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರದ ಇಡೀ ವಿದ್ಯುನ್ಮಂಡಲವನ್ನು ಒಂದೇ ಚಿಪ್ಪಿಗೆ ಇಳಿಸಿ, ಆ ಬೊಟ್ಟಿನ ಕೆಳಗೆ ಕೂರಿಸಲಾಗಿತ್ತು. ಅನುಮತಿಯಿಲ್ಲದ ನಕಲು. ಜಾಹೀರಾತು ಇಲ್ಲ, ಗ್ಯಾರಂಟಿ ಇಲ್ಲ, ತಯಾರಕರ ಹೆಸರೂ ಇಲ್ಲ.

ಆ ಹಳೆಯ ನಕಲು ನಮ್ಮ ಓಣಿಗಳಲ್ಲಿ ರಾಜ್ಯಭಾರ ಮಾಡುತ್ತಿದ್ದಾಗಲೇ ಜಪಾನಿನ ಸೆಗಾ ಕಂಪನಿ ‘ಡ್ರೀಮ್‌ಕಾಸ್ಟ್’ ಎಂಬ ಯಂತ್ರವನ್ನು ಹೊರತಂದಿತು. 1998ರ ನವೆಂಬರ್ 27ರಂದು ಜಪಾನಿನಲ್ಲಿ ಮಾರಾಟ ಆರಂಭ. 2001ರ ಮಾರ್ಚ್ 31ಕ್ಕೆ ತಯಾರಿಕೆ ಬಂದ್. ಆ ಎರಡು ವರ್ಷ ನಾಲ್ಕು ತಿಂಗಳಲ್ಲಿ ಅದಕ್ಕೆ ಬಂದ ಆಟಗಳನ್ನು ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. ಹಾಗಾದರೆ ಒಳ್ಳೆಯ ಆಟಗಳಿದ್ದ ಪೆಟ್ಟಿಗೆ ಸೋತದ್ದೇಕೆ? ‘ಸರಕು ಚೆನ್ನಾಗಿದ್ದರೆ ತಾನಾಗಿಯೇ ಮಾರಾಟವಾಗುತ್ತದೆ’ ಎಂಬ ಮಾತನ್ನು ನಂಬಿದವರಿಗೆ ಈ ಪ್ರಶ್ನೆ ತೊಡಕಿನದು. ಜಾಹೀರಾತು ಸಾಲಲಿಲ್ಲ, ಅದೃಷ್ಟ ಕೈಕೊಟ್ಟಿತು ಎಂದು ಹೇಳಿ ಹಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ವಿಜ್ಞಾನದಲ್ಲಿ ಒಂದು ಕಾರಣವನ್ನು ಪರೀಕ್ಷಿಸಬೇಕಾದರೆ ಉಳಿದುದನ್ನು ಹಾಗೆಯೇ ಇಟ್ಟು ಅದೊಂದನ್ನು ಬದಲಿಸಿ ನೋಡುತ್ತೇವೆ. ವ್ಯಾಪಾರದಲ್ಲಿ ಇಂಥ ಪ್ರಯೋಗ ಸಿಗುವುದು ಅಪರೂಪ. ಇಲ್ಲಿ ಸಿಕ್ಕಿದೆ, ಡ್ರೀಮ್‌ಕಾಸ್ಟಿನಲ್ಲಿ ಅಲ್ಲ, ಅದರ ಎಷ್ಟೋ ವರ್ಷಗಳ ನಂತರ ನಿಂಟೆಂಡೊದ ಅಂಗಳದಲ್ಲಿ. ಆ ಕಂಪನಿ 2012ರ ನವೆಂಬರಿನಲ್ಲಿ ‘ವೀ ಯೂ’ ಎಂಬ ಯಂತ್ರ ಬಿಟ್ಟಿತು. 2014ರ ಮೇ ತಿಂಗಳಲ್ಲಿ ಅದಕ್ಕೆ ‘ಮಾರಿಯೋ ಕಾರ್ಟ್ 8’ ಎಂಬ ಓಟದ ಆಟ ಬಂತು. ಪುಟ್ಟ ಗಾಡಿಗಳು ಗೋಡೆಯ ಮೇಲೂ ತಲೆಕೆಳಗಾಗಿಯೂ ಓಡುವ ಆಟ. ಹಿಂದೆ ಬಿದ್ದವನಿಗೂ ಗೆಲ್ಲುವ ಆಸೆ ಉಳಿಸುವಂತೆ ಹೆಣೆದಿರುವುದರಿಂದ ಅಜ್ಜನೂ ಮೊಮ್ಮಗನೂ ಕೂಡಿ ಆಡಬಹುದು. ವೀ ಯೂನಲ್ಲಿ ಅದರ 84.6 ಲಕ್ಷ ಪ್ರತಿಗಳು ಮಾರಾಟವಾದವು. ವೀ ಯೂ ಯಂತ್ರಗಳೇ ಒಟ್ಟು ಮಾರಾಟವಾದದ್ದು 1 ಕೋಟಿ 35.6 ಲಕ್ಷ. ಎಂದರೆ ಯಂತ್ರ ಕೊಂಡ ನೂರು ಜನರಲ್ಲಿ ಸುಮಾರು 62 ಮಂದಿ ಈ ಆಟವನ್ನು ಕೊಂಡರು. ಆಟಕ್ಕೆ ಇದಕ್ಕಿಂತ ಮೆಚ್ಚುಗೆ ಬೇಕೆ? ಆದರೂ ಯಂತ್ರ ಮೇಲೇಳಲಿಲ್ಲ. 2017ರ ಜನವರಿಯಲ್ಲಿ ತಯಾರಿಕೆ ನಿಂತಿತು.

ಅದೇ ವರ್ಷ ಮಾರ್ಚಿನಲ್ಲಿ ನಿಂಟೆಂಡೊ ‘ಸ್ವಿಚ್’ ಎಂಬ ಹೊಸ ಯಂತ್ರ ತಂದಿತು. ಏಪ್ರಿಲ್‌ನಲ್ಲಿ ಅದೇ ಮಾರಿಯೋ ಕಾರ್ಟ್ 8 ಆಟವನ್ನು, ಕಾದಾಟದ ಒಂದು ಭಾಗವನ್ನು ಸುಧಾರಿಸಿ, ಅದಕ್ಕೆ ಹೊಂದಿಸಿ ಬಿಟ್ಟಿತು. ಓಟದ ದಾರಿಗಳು ಅವೇ, ಗಾಡಿಗಳು ಹೆಚ್ಚುಕಡಿಮೆ ಅವೇ. ಮಾರಾಟ? ಆರು ಕೋಟಿಗೂ ಮೀರಿತು. ಇದು ಪ್ರಯೋಗಶಾಲೆಯ ಶುದ್ಧ ಪ್ರಯೋಗವೇನಲ್ಲ. ಸ್ವಿಚ್ ಕೈಯಲ್ಲಿ ಹಿಡಿದು ಬಸ್ಸಿನಲ್ಲೂ ಆಡಬಹುದಾದ ಯಂತ್ರ, ವೀ ಯೂ ಟಿವಿಯ ಪಕ್ಕ ಕೂರಬೇಕಾದದ್ದು. ಆದರೆ ಆಟದ ಗುಣ ಒಂದೇ ಆಗಿದ್ದಾಗಲೂ ಯಂತ್ರದ ಹಣೆಬರಹ ಇಷ್ಟು ಬೇರೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ವೀ ಯೂ ಸೋಲಿಗೆ ಅದರ ಹೆಸರನ್ನು ದೂರುವವರಿದ್ದಾರೆ. ಹಿಂದಿನ ಯಂತ್ರದ ಹೆಸರು ‘ವೀ’. ಅದು ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಹೊಸದರೊಂದಿಗೆ ಬಂದ ಪರದೆಯುಳ್ಳ ರಿಮೋಟನ್ನು ಹಳೆಯ ವೀಗೆ ಸೇರಿಸುವ ಒಂದು ಉಪಕರಣವೆಂದೇ ಹಲವರು ತಿಳಿದರು. ಈ ಮಾತು ನಿಜ. ಆದರೆ ನನಗೆ ಇನ್ನೂ ಮುಖ್ಯವಾಗಿ ಕಾಣುವುದು ದಿನಾಂಕಗಳು. ಯಂತ್ರ ಬಂದದ್ದು 2012ರ ನವೆಂಬರ್. ಮಾರಿಯೋ ಕಾರ್ಟ್ ಬಂದದ್ದು 2014ರ ಮೇ. ಬಣ್ಣ ಎರಚುವ ಜನಪ್ರಿಯ ಆಟ ‘ಸ್ಪ್ಲಾಟೂನ್’ ಬಂದದ್ದು 2015. 2013ರ ಮೊದಲ ಅರ್ಧ ಹೆಚ್ಚುಕಡಿಮೆ ಬರಗಾಲ. 2014ರ ಜನವರಿ ಹೊತ್ತಿಗೆ, ಆ ಹಣಕಾಸು ವರ್ಷದಲ್ಲಿ 90 ಲಕ್ಷ ಯಂತ್ರ ಮಾರುತ್ತೇವೆ ಎಂದಿದ್ದ ಕಂಪನಿ ಅದನ್ನು 28 ಲಕ್ಷಕ್ಕೆ ಇಳಿಸಿಯಾಗಿತ್ತು. ಎಂದರೆ ಒಳ್ಳೆಯ ಆಟ ಬರುವ ಮೊದಲೇ ತೀರ್ಪು ಬಂದಿತ್ತು.

ವಿಮರ್ಶಕರು ಎಡವುವುದು ಇಲ್ಲಿಯೇ. ಯಂತ್ರ ಸತ್ತ ಮೇಲೆ ಅದರ ಒಳ್ಳೆಯ ಆಟಗಳನ್ನೆಲ್ಲ ಒಂದು ಪಟ್ಟಿ ಮಾಡಿ, ‘ಇಷ್ಟೆಲ್ಲ ಇದ್ದೂ ಸೋತಿತಲ್ಲ’ ಎಂದು ಮರುಗುತ್ತಾರೆ. ಅಂಗಡಿಯಲ್ಲಿ ನಿಂತ ಗ್ರಾಹಕನ ಮುಂದೆ ಆ ಪಟ್ಟಿ ಇರುವುದಿಲ್ಲ. ಅವನ ಮುಂದಿರುವುದು ಪಂಚಾಂಗ. ಈ ತಿಂಗಳು ಏನಿದೆ, ಮುಂದಿನ ದೀಪಾವಳಿಗೆ ಏನು ಬರಬಹುದು, ಆ ಹೊತ್ತಿಗೆ ಈ ಕಂಪನಿ ಈ ಯಂತ್ರವನ್ನು ಕೈಬಿಟ್ಟಿರುತ್ತದೆಯೇ? ಅವನು ಕೊಳ್ಳುವುದು ಪೆಟ್ಟಿಗೆಯನ್ನಲ್ಲ, ಅದರ ಮುಂದಿನ ಐದು ವರ್ಷಗಳನ್ನು.

ಈ ವ್ಯವಹಾರದ ಒಳಗುಟ್ಟನ್ನು ತಿಳಿಯಲು ನಮ್ಮ ಭಾಗದ ಓದುಗರು ದೂರ ಹೋಗಬೇಕಿಲ್ಲ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಕಾಗವಾಡ ತಾಲ್ಲೂಕಿನ ಉಗಾರ ಹೀಗೆ ನದಿಯುದ್ದಕ್ಕೂ ಸಕ್ಕರೆ ಕಾರ್ಖಾನೆಗಳಿವೆ. ಕಾರ್ಖಾನೆಯ ಯಂತ್ರ ಎಷ್ಟೇ ಹೊಸದಾಗಿರಲಿ, ಕಬ್ಬು ಬಾರದಿದ್ದರೆ ಅದು ಕಬ್ಬಿಣದ ರಾಶಿ. ಇತ್ತ ಅಡಸಾಲಿ ಕಬ್ಬು ನಾಟಿ ಮಾಡಿದ ರೈತ ಕಟಾವಿಗೆ 16ರಿಂದ 18 ತಿಂಗಳು ಕಾಯಬೇಕು. ಕಡಿದ ಕಬ್ಬನ್ನು ಕಣದಲ್ಲಿ ಕೂಡಿಡಲಾಗದು. ಒಂದೆರಡು ದಿನದಲ್ಲೇ ಸಕ್ಕರೆಯ ಅಂಶ ಇಳಿಯತೊಡಗುತ್ತದೆ. ಆದ್ದರಿಂದ ರೈತ ನಾಟಿ ಮಾಡುವ ದಿನ ನೋಡುವುದು ಇಂದಿನ ಇಳುವರಿಯನ್ನಲ್ಲ. ಒಂದೂವರೆ ವರ್ಷದ ಮೇಲೆ ಈ ಕಾರ್ಖಾನೆಯ ಹಂಗಾಮು ಶುರುವಾಗುತ್ತದೆಯೇ, ಬಿಲ್ಲು ಕೈಗೆ ಬರುತ್ತದೆಯೇ ಎಂಬುದನ್ನು. 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಿಂದೆ ಬಾಕಿ ಉಳಿಸಿಕೊಂಡ ಕಾರ್ಖಾನೆ ಮುಂದೆ ಎಷ್ಟು ಒಳ್ಳೆಯ ದರ ಸಾರಿದರೂ ಗಡಿಭಾಗದ ರೈತನ ಕಣ್ಣು ಮಹಾರಾಷ್ಟ್ರದ ಕಡೆ ಹೊರಳುತ್ತದೆ.

ಆಟ ತಯಾರಿಸುವ ಕಂಪನಿಗಳೇ ಇಲ್ಲಿ ಕಬ್ಬು ಬೆಳೆಗಾರರು. ಒಂದು ದೊಡ್ಡ ಆಟಕ್ಕೆ ಒಂದೂವರೆಯಿಂದ ಮೂರು ವರ್ಷ ಬೇಕು. ಒಂದು ಯಂತ್ರಕ್ಕೆ ಬರೆದ ಆಟ ಇನ್ನೊಂದರಲ್ಲಿ ಹಾಗೆಯೇ ಓಡುವುದಿಲ್ಲ. ಯಂತ್ರದ ಕಂಪನಿ ಪೆಟ್ಟಿಗೆಯನ್ನು ಅಸಲಿಗೋ ನಷ್ಟಕ್ಕೋ ಮಾರಿ, ಮಾರಾಟವಾಗುವ ಪ್ರತಿ ಆಟದ ಮೇಲೆ ಬರುವ ರಾಯಧನದಿಂದ ಲಾಭ ಎತ್ತುತ್ತದೆ. ಆದುದರಿಂದ ಆಟಗಳು ಒಳ್ಳೆಯವಾಗಿದ್ದರಷ್ಟೇ ಸಾಲದು, ಬಹಳ ಮಂದಿಯ ಹೊಲದಿಂದ ಬರುತ್ತಿರಬೇಕು, ನಿಲ್ಲದೆ ಬರುತ್ತಿರಬೇಕು.

ಈ ದೃಷ್ಟಿಯಿಂದ ಡ್ರೀಮ್‌ಕಾಸ್ಟನ್ನು ನೋಡೋಣ. ಅದರ ಸೋಲು ಅದು ಹುಟ್ಟುವ ನಾಲ್ಕು ವರ್ಷ ಮೊದಲೇ ಶುರುವಾಗಿತ್ತು ಎಂಬುದು ನನ್ನ ಅಭಿಪ್ರಾಯ. 1994ರ ನವೆಂಬರಿನಲ್ಲಿ ಸೆಗಾ ಅಮೆರಿಕದಲ್ಲಿ ತನ್ನ ಹಳೆಯ ಮೆಗಾ ಡ್ರೈವ್ ಯಂತ್ರದ ತಲೆಯ ಮೇಲೆ ಸಿಕ್ಕಿಸುವ ‘32ಎಕ್ಸ್’ ಎಂಬ ಉಪಕರಣ ಮಾರಿತು. ಅದೇ ತಿಂಗಳು ಜಪಾನಿನಲ್ಲಿ ‘ಸ್ಯಾಟರ್ನ್’ ಎಂಬ ಪೂರ್ಣ ಹೊಸ ಯಂತ್ರವನ್ನೂ ಬಿಟ್ಟಿತು. 32ಎಕ್ಸ್ ಕೊಂಡವರ ಹಣ ನೀರಿಗೆ ಹೋಯಿತು. ಸ್ಯಾಟರ್ನ್ ಅಮೆರಿಕದಲ್ಲಿ 1995ರ ಸೆಪ್ಟೆಂಬರ್ 2ಕ್ಕೆ ಬರುತ್ತದೆಂದು ಸಾರಿದ್ದ ಕಂಪನಿ, ಪ್ರತಿಸ್ಪರ್ಧಿ ಸೋನಿಯನ್ನು ಹಿಂದಿಕ್ಕುವ ಆತುರದಲ್ಲಿ ಮೇ 11ರಂದೇ ‘ಇವತ್ತಿನಿಂದ ಮಾರಾಟ’ ಎಂದು ಘೋಷಿಸಿತು. ಸರಕು ಸಿಕ್ಕಿದ್ದು ಆಯ್ದ ಕೆಲವೇ ಅಂಗಡಿಗಳಿಗೆ. ಉಳಿದ ಅಂಗಡಿಯವರು ಸಿಟ್ಟಾದರು. ಸೆಪ್ಟೆಂಬರಿಗೆಂದು ಆಟ ಸಿದ್ಧಪಡಿಸುತ್ತಿದ್ದ ಕಂಪನಿಗಳು ಕೈಕಟ್ಟಿ ಕುಳಿತವು. ಸ್ಯಾಟರ್ನ್ ಬೆಲೆ 399 ಡಾಲರ್. ಅದೇ ದಿನ ಸೋನಿ ತನ್ನ ಪ್ಲೇಸ್ಟೇಷನ್ ಬೆಲೆ 299 ಎಂದು ಹೇಳಿ ಸುಮ್ಮನಾಯಿತು. ಎರಡು ಸಂಸ್ಕಾರಕಗಳನ್ನು ಜೊತೆಯಾಗಿ ದುಡಿಸಬೇಕಿದ್ದ ಸ್ಯಾಟರ್ನ್‌ಗೆ ತಂತ್ರಾಂಶ ಬರೆಯುವುದೂ ತಲೆನೋವಿನ ಕೆಲಸವಾಗಿತ್ತು.

ಡ್ರೀಮ್‌ಕಾಸ್ಟಿನಲ್ಲಿ ಸೆಗಾ ಈ ತಾಂತ್ರಿಕ ತಪ್ಪುಗಳನ್ನೆಲ್ಲ ತಿದ್ದಿಕೊಂಡಿತು. ಹಿಟಾಚಿಯ 200 ಮೆಗಾಹರ್ಟ್ಸ್‌ನ ಒಂದೇ ಸಂಸ್ಕಾರಕ, ಎನ್‌ಇಸಿ ತಯಾರಿಸಿದ ಚಿತ್ರ ಚಿಪ್ಪು, 16 ಮೆಗಾಬೈಟ್ ಸ್ಮೃತಿ, ದೂರವಾಣಿ ತಂತಿಗೆ ಜೋಡಿಸಿ ಅಂತರಜಾಲದಲ್ಲಿ ಆಡಲು ಒಳಗೇ ಮೋಡೆಮ್. ಆಟ ಬರೆಯುವವರಿಗೆ ಸುಲಭ. 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ 199 ಡಾಲರಿಗೆ ಬಂದಾಗ ಜೊತೆಯಲ್ಲಿ 18 ಆಟಗಳಿದ್ದವು. ಒಂದೇ ದಿನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರ ಮಾರಾಟವಾದವು. ಕತ್ತಿವರಸೆಯ ‘ಸೋಲ್ ಕ್ಯಾಲಿಬರ್’ ಆಟದ ಅಂಗಚಲನೆ ಕಂಡವರು ಬೆರಗಾದರು.

ಇನ್ನು ಪ್ಲೇಸ್ಟೇಷನ್ 2. ಅದರ ಒಳರಚನೆ ಡ್ರೀಮ್‌ಕಾಸ್ಟಿಗಿಂತ ಜಟಿಲ, ಮೊದಲ ವರ್ಷದ ಆಟಗಳು ಸಾಧಾರಣ. ಆದರೆ ಸೋನಿ ಅದರ ಸುದ್ದಿಯನ್ನು 1999ರ ಮಾರ್ಚಿನಲ್ಲೇ ಬಿಟ್ಟಿತ್ತು. ಹಳೆಯ ಪ್ಲೇಸ್ಟೇಷನ್ ಆಟಗಳು ಅದರಲ್ಲಿ ನಡೆಯುತ್ತವೆ, ಡಿವಿಡಿ ಸಿನಿಮಾ ನೋಡಬಹುದು ಎಂದು ತಿಳಿದ ಜನ ‘ತಡಿ, ಕಾಯೋಣ’ ಎಂದರು. ಆಟ ತಯಾರಕರ ನಡೆ ಇನ್ನೂ ಬೋಧಪ್ರದ. ಕಷ್ಟದ ಯಂತ್ರಕ್ಕೆ ಹೆಣಗಾಡಿ ಆಟ ಬರೆದರು, ಸುಲಭದ ಯಂತ್ರವನ್ನು ಬಿಟ್ಟರು. ಅಮೆರಿಕದ ಅತಿ ದೊಡ್ಡ ಆಟದ ಕಂಪನಿಗಳಲ್ಲೊಂದಾದ ಎಲೆಕ್ಟ್ರಾನಿಕ್ ಆರ್ಟ್ಸ್ ಡ್ರೀಮ್‌ಕಾಸ್ಟಿಗೆ ಒಂದೂ ಆಟ ಕೊಡಲಿಲ್ಲ. ಸೆಗಾ ತಾನೇ ಅಮೆರಿಕನ್ ಫುಟ್‌ಬಾಲ್ ಆಟವೊಂದನ್ನು ಮಾಡಿಸಿತು. ಅದು ಸೊಗಸಾಗಿಯೇ ಇತ್ತು. ಆದರೆ ಕಾರ್ಖಾನೆಯವರೇ ಎಷ್ಟು ಎಕರೆ ಕಬ್ಬು ಬೆಳೆದಾರು?

ನಕಲಿ ಬಿಲ್ಲೆಗಳೇ ಡ್ರೀಮ್‌ಕಾಸ್ಟನ್ನು ಕೊಂದವು ಎಂಬ ವಾದವೊಂದಿದೆ. ಸಂಗೀತ ಬಿಲ್ಲೆಗಳಿಗಾಗಿ ಇಟ್ಟಿದ್ದ ಒಂದು ಸೌಲಭ್ಯದ ಮೂಲಕ ಸಾಮಾನ್ಯ ಸಿಡಿಯಲ್ಲಿ ಆಟವನ್ನು ನಡೆಸುವ ಕಿಂಡಿ 2000ದಲ್ಲಿ ಬಯಲಾದದ್ದು ನಿಜ. ಆದರೆ ಮೊದಲ ಪ್ಲೇಸ್ಟೇಷನ್ನಿನ ನಕಲಿ ಬಿಲ್ಲೆಗಳು ಜಗತ್ತಿನ ಸಂತೆಗಳಲ್ಲೆಲ್ಲ ಸಿಗುತ್ತಿದ್ದವು, ಅದು ಹತ್ತು ಕೋಟಿ ದಾಟಿತು. ಕಳ್ಳತನದಿಂದ ನಷ್ಟವಾಗಿರಬಹುದು, ಸಾವಿಗೆ ಅದೇ ಕಾರಣ ಎನ್ನಲು ಲೆಕ್ಕ ಕೂಡಿಬರುವುದಿಲ್ಲ.

ಇನ್ನು, ಒಳ್ಳೆಯ ಆಟವೇ ಹೊರೆಯಾದ ಒಂದು ಸಂಗತಿ. ಯು ಸುಝುಕಿ ನಿರ್ದೇಶಿಸಿದ ‘ಶೆನ್ಮು’ 1999ರ ಡಿಸೆಂಬರಿನಲ್ಲಿ ಬಂತು. 1986ರ ಯೊಕೊಸುಕಾ ಎಂಬ ಜಪಾನೀ ಬಂದರು ಊರು. ತಂದೆಯನ್ನು ಕೊಂದವರನ್ನು ಹುಡುಕುವ ಹುಡುಗ. ಆ ಊರಿನಲ್ಲಿ ಮಳೆ, ಹಿಮ ಬೀಳುತ್ತವೆ, ಅಂಗಡಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತವೆ, ಸಂಜೆ ಎಂಟಕ್ಕೆ ಸಿಗಬೇಕಾದವನಿಗಾಗಿ ಮಧ್ಯಾಹ್ನದಿಂದ ಕಾಯಬೇಕು. ಆಟವೊಂದು ಆಡುವವನನ್ನು ಹೀಗೆ ಸುಮ್ಮನೆ ಕಾಯಿಸುವ ಧೈರ್ಯ ಮಾಡಿದ್ದು ನನಗೆ ಇಂದಿಗೂ ಅಚ್ಚರಿ. ಅದರ ಖರ್ಚು, ಎರಡನೆಯ ಭಾಗದ ಕೆಲಸವೂ ಸೇರಿ, ಸುಮಾರು 4.7 ಕೋಟಿ ಡಾಲರ್ ಎಂದು ಸುಝುಕಿ 2011ರಲ್ಲಿ ಹೇಳಿದರು. ಮಾರಾಟವಾದದ್ದು ಸುಮಾರು 12 ಲಕ್ಷ ಪ್ರತಿ. ಭಾಗಿಸಿದರೆ ಪ್ರತಿ ಒಂದಕ್ಕೆ 39 ಡಾಲರ್. ಅಂಗಡಿ ಬೆಲೆಯೇ 50 ಡಾಲರ್ ಆಸುಪಾಸಿನ ಕಾಲದಲ್ಲಿ ಅಂಗಡಿಯವನ ಪಾಲು, ಸಾಗಣೆ ಎಲ್ಲಿಂದ ಹುಟ್ಟಬೇಕು? ಐದು ಕೋಟಿ ಯಂತ್ರಗಳಿರುವ ಲೋಕಕ್ಕೆಂದು ಮಾಡಿದ ಆಟ ಅದು. ಇದ್ದ ಯಂತ್ರಗಳು ಕೊನೆಗೂ 91 ಲಕ್ಷ. ಸೆಗಾ ಅಧ್ಯಕ್ಷ ಇಸಾವೊ ಒಕಾವಾ ತಮ್ಮ ಸ್ವಂತ ಆಸ್ತಿಯ ಬಹುಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟು 2001ರ ಮಾರ್ಚ್ 16ರಂದು ತೀರಿಕೊಂಡರು. ಹದಿನೈದು ದಿನಗಳ ನಂತರ ಯಂತ್ರದ ತಯಾರಿಕೆಯೂ ಮುಗಿಯಿತು. ವರ್ಷ ಕಳೆಯುವುದರೊಳಗೆ ಸೆಗಾದ ಸೋನಿಕ್ ಮುಳ್ಳುಹಂದಿ ಹಳೆಯ ವೈರಿ ನಿಂಟೆಂಡೊದ ಪೆಟ್ಟಿಗೆಯಲ್ಲಿ ಓಡುತ್ತಿತ್ತು.

ಇವೆಲ್ಲ ಅಥಣಿ, ಕಾಗವಾಡಗಳಿಗೆ ತಲುಪಲೇ ಇಲ್ಲವೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಸೆಗಾದ ಮೆಗಾ ಡ್ರೈವ್ ಯಂತ್ರವನ್ನು 1995ರಲ್ಲಿ ಶಾ ವಾಲೇಸ್ ಕಂಪನಿ ಭಾರತದಲ್ಲಿ ಮಾರಾಟಕ್ಕೆ ತಂದಿತು. ಬೆಲೆ 18,000 ರೂಪಾಯಿ. ಅಂದಿನ ದಿನಕ್ಕೆ ಹೆಚ್ಚುಕಡಿಮೆ ಒಂದು ಬಣ್ಣದ ಟಿವಿಯ ಬೆಲೆ. ಅದರ ಮೇಲೆ ಪ್ರತಿ ಕ್ಯಾಸೆಟ್ಟಿಗೆ ಬೇರೆ ದುಡ್ಡು. ರಿಮೋಟಿನ ಗುಂಡಿ ಕೆಟ್ಟರೆ ರಿಪೇರಿ ಮಾಡುವವರು ಬೆಳಗಾವಿಯಲ್ಲೂ ಸಿಗುವ ಖಾತ್ರಿ ಇಲ್ಲ. ಕಪ್ಪು ಬೊಟ್ಟಿನ ನಕಲಿ ಪೆಟ್ಟಿಗೆಗೆ ಈ ಯಾವ ಚಿಂತೆಯೂ ಇರಲಿಲ್ಲ. ಅದಕ್ಕೆ ಹೊಸ ಆಟ ಬರುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ, ಆದ್ದರಿಂದ ಅದು ಮುರಿಯುವಂತೆಯೂ ಇರಲಿಲ್ಲ. ಆಟಗಳೆಲ್ಲ ಮೊದಲೇ ಒಳಗಿದ್ದವು, ಒಬ್ಬರ ಕ್ಯಾಸೆಟ್ಟು ಇನ್ನೊಬ್ಬರ ಮನೆಯಲ್ಲೂ ನಡೆಯುತ್ತಿತ್ತು. ಬ್ರೆಜಿಲ್‌ನಲ್ಲಿ ಬೇರೆಯ ದಾರಿ ಕಾಣುತ್ತದೆ. ಅಲ್ಲಿ ಟೆಕ್‌ಟಾಯ್ ಎಂಬ ಕಂಪನಿ ಸೆಗಾ ಯಂತ್ರಗಳನ್ನು ದೇಶದಲ್ಲೇ ತಯಾರಿಸಿ, ಆಟಗಳನ್ನು ಪೋರ್ಚುಗೀಸ್ ಭಾಷೆಗೆ ತಿರುಗಿಸಿ, ಅಮೆರಿಕ, ಜಪಾನುಗಳಲ್ಲಿ ನಿಂಟೆಂಡೊ ಎದುರು ಸೋತಿದ್ದ ಮಾಸ್ಟರ್ ಸಿಸ್ಟಮ್ ಯಂತ್ರವನ್ನು ದಶಕಗಳ ಕಾಲ ಮಾರಿತು. ಆಟಗಳು ಅವೇ. ಬದಲಾದದ್ದು ಪೆಟ್ಟಿಗೆಯ ಸುತ್ತಲಿನ ಏರ್ಪಾಡು.

ನಮ್ಮ ನಾಡಿನಲ್ಲಿ ಯಾರೂ ಆಟದ ಯಂತ್ರ ಮಾಡಿ ಸೋತದ್ದಿಲ್ಲ. ಆದರೆ ಅದರ ತಮ್ಮನಂಥ ಯಂತ್ರವೊಂದು ಇದೇ ಹಾದಿ ಹಿಡಿದದ್ದನ್ನು ಕಂಡಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಕೂಡಿ ರೂಪಿಸಿದ ‘ಸಿಂಪ್ಯೂಟರ್’ 2001ರ ಏಪ್ರಿಲ್‌ನಲ್ಲಿ ಬೆಳಕು ಕಂಡಿತು. ಅಂಗೈಯಲ್ಲಿ ಹಿಡಿಯುವ ಗಣಕ, ಲಿನಕ್ಸ್ ಕಾರ್ಯಾಚರಣೆ, ಓದು ಬಾರದವರಿಗೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲು ತಲೆಗೊಂದು ಸ್ಮಾರ್ಟ್ ಕಾರ್ಡ್. 2004ರ ಮಾರ್ಚಿನಲ್ಲಿ ಬಂದ ‘ಅಮಿಡಾ’ ಮಾದರಿಯಲ್ಲಿ ಯಂತ್ರವನ್ನು ಓರೆ ಮಾಡಿದರೆ ಅರಿಯುವ ಸಂವೇದಕವಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನಪಿಡಬೇಕು. ಆದರೆ ಬೆಲೆ ಹತ್ತು ಸಾವಿರದಿಂದ ಶುರು, ಬಣ್ಣದ ಪರದೆಯದಕ್ಕೆ ಅದರ ಎರಡರಷ್ಟು. 50,000 ಮಾರಾಟವಾದೀತೆಂಬ ನಿರೀಕ್ಷೆಗೆ ಎದುರಾಗಿ ಮೊದಲ ವರ್ಷ ಹೋದದ್ದು ಸುಮಾರು 4,000.

ರೈತನಿಗೆ ಮಾಹಿತಿ ಒದಗಿಸುವುದು ಆ ಯಂತ್ರದ ಘನ ಉದ್ದೇಶ. ಅದೇ ವರ್ಷಗಳಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆಯ ಸಾಧಾರಣ ಗಣಕದಿಂದ 15 ರೂಪಾಯಿಗೆ ಪಹಣಿ ಪತ್ರ ಸಿಗತೊಡಗಿತು. ನಿಪ್ಪಾಣಿ ಆಗ ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡ ಅಥಣಿ ತಾಲ್ಲೂಕಿಗೂ ಸೇರಿದ್ದುದರಿಂದ ಅಲ್ಲಿನವರೂ ಇಲ್ಲಿಗೇ ಬಂದು ಸರದಿ ನಿಲ್ಲುತ್ತಿದ್ದರು. ಆ ಗಣಕದಲ್ಲಿ ವಿಶೇಷವೇನೂ ಇರಲಿಲ್ಲ, ಒಳಗೆ ದಾಖಲೆಗಳು ತುಂಬಿದ್ದವು. ಸಿಂಪ್ಯೂಟರಿಗೆ ಅಂಥ ಸರಕನ್ನು ವರ್ಷವರ್ಷವೂ ತುಂಬಿಕೊಡುವ ಬೆಳೆಗಾರರು ಹುಟ್ಟಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲ್ ಬಂತು.

ಅದರ ಪಠ್ಯ ಓದುವ ತಂತ್ರಾಂಶ ‘ಧ್ವನಿ’ ಮಾತ್ರ ಮುಕ್ತ ಪರವಾನಗಿಯಲ್ಲಿತ್ತು. ಯಂತ್ರ ನಿಂತ ಮೇಲೂ ಬೇರೆಯವರು ಅದನ್ನು ಎತ್ತಿಕೊಂಡು, ಸಾಮಾನ್ಯ ಲಿನಕ್ಸ್ ಗಣಕಗಳಿಗೆ ಹೊಂದಿಸಿ, ಇನ್ನಷ್ಟು ಭಾಷೆಗಳನ್ನು ಸೇರಿಸಿದರು.